ಬಣ್ಣ ಬಿಟ್ಟ ಪಾಚಿ

ಸಮುದ್ರದ ಪಾಚಿಯಿಂದ ಮಾಡುವ ಚೈನಾ ಗ್ರಾಸ್ ಕುದಿಯುವ ವಾಸನೆ ಬಂದರೆ ಈಗಲೂ ನಾನು ಅಡುಗೆಮನೆಯಿಂದ ಎದ್ದು ಹೋಗುತ್ತೇನೆ.

ಹೂಗ್ಯಂ ಕಡೆಯಿಂದ ಬಂದು ಕೊಳ್ಳೇಗಾಲದ ನಮ್ಮ ಶಾಲೆ ಸೇರಿದ್ದ ಸೆಲ್ವಿ, ವಿಜ್ಞಾನ ಪ್ರದರ್ಶನಕ್ಕೆಂದು ಒಣಗಿದ ಕೆಂಪು ಪಾಚಿ ತಂದಿದ್ದಳು. ಮುಟ್ಟಿದರೆ ಬೆರಳಿಗೆ ಉಪ್ಪು ಅಂಟುತ್ತಿತ್ತು. "ರಾಮೇಶ್ವರದ ಸಮುದ್ರದ್ದು, ನಮ್ಮಪ್ಪ ತಂದದ್ದು" ಎಂದಳು.

"ಕುದಿಸಿ ಆರಿಸಿ ನೋಡಿ. ನೀರು ಮೊಸರಿನಂಗೆ ಹೆಪ್ಪುಗಟ್ಟಿದ್ರೆ ಸಮುದ್ರದ್ದೇ" ಎಂದ ಮೇಷ್ಟ್ರು ಅವಳಿಗೆ ಮುಂದಿನ ಮೇಜು ಕೊಟ್ಟು, ನನ್ನ ಮಣ್ಣಿನ ಜ್ವಾಲಾಮುಖಿಯನ್ನು ಹಿಂದಕ್ಕೆ ತಳ್ಳಿದರು.

ಆ ಶನಿವಾರ ಮಧ್ಯಾಹ್ನ ಅವಳನ್ನು ಪಾಚಿಯ ಸಮೇತ ನಮ್ಮ ಮನೆಗೆ ಕರೆತಂದೆ. ನಾವು ರೇಷ್ಮೆ ನೇಯುವವರು. ನೂಲಿನ ಬಣ್ಣ ನಿಲ್ಲುತ್ತದೋ ಇಲ್ಲವೋ ಎಂದು ಅಪ್ಪ ಕುದಿಯುವ ನೀರಿಗೆ ಹಾಕಿ ನೋಡುತ್ತಿದ್ದರು; ಹಾಗೆಯೇ ಪಾಚಿಯನ್ನೂ ಹಾಕಿದರು. ಕುದಿದಂತೆಲ್ಲ ಕೆಂಪು ಇಳಿದು ಮಾಸಲು ಹಸಿರು ಉಳಿಯಿತು.

"ಬಣ್ಣ ಆಕವ್ನೆ ಕಣವ್ವ ನಿಮ್ಮಪ್ಪ. ಇದು ಕೆರೆ ಪಾಚಿ" ಎಂದು ಅಪ್ಪ ನಕ್ಕರು. ನಾನು ಇನ್ನೂ ಜೋರಾಗಿ ನಕ್ಕೆ.

"ನಮ್ಮಪ್ಪ ಸುಳ್ಳು ಯೋಳಲ್ಲ ಮಾವ" ಎಂದ ಸೆಲ್ವಿ ಅಳುತ್ತ ಓಡಿದಳು.

ಸಂಜೆ ತೊಳೆಯಲೆಂದು ಪಾತ್ರೆ ಎತ್ತಿದೆ. ಬಗ್ಗಿಸಿದರೂ ನೀರು ಚೆಲ್ಲಲಿಲ್ಲ. ಮೊಸರಿನಂತೆ ಗಟ್ಟಿಯಾಗಿ ಕೂತಿತ್ತು. ಯಾರಾದರೂ ನೋಡುವ ಮೊದಲೇ ಮೋರಿಗೆ ಬಳಿದು, ಬೂದಿ ಹಾಕಿ ತಿಕ್ಕಿದೆ.

ಸೋಮವಾರ ತರಗತಿಯಲ್ಲಿ ಯಾರೂ ಕೇಳದಿದ್ದರೂ ನಾನೇ ಎದ್ದು ನಿಂತೆ.

"ಹೆಪ್ಪುಗಟ್ಲಿಲ್ಲ ಸಾ" ಎಂದೆ.