ಎರಡು ಕಾರ್ಪೆಟ್ಟುಗಳ ನಡುವಿನ ಸಂದು

ಸಂದು ಮತ್ತೆ ಬಿಟ್ಟುಕೊಂಡಿತ್ತು.

ಹಿಂದಿನ ದಿನವಷ್ಟೇ ರಾಜೇಶ್ವರಿ ಸೊಂಟ ಹಿಡಿದುಕೊಂಡು ಎರಡೂ ಕಾರ್ಪೆಟ್ಟುಗಳನ್ನು ಎಳೆದು ಅಂಚಿಗೆ ಅಂಚು ಕೂಡಿಸಿದ್ದಳು. ಬೆಳಗ್ಗೆ ಎದ್ದು ನೋಡಿದರೆ ನಡುವೆ ಅದೇ ಬರಿ ನೆಲ. ಒಂದು ಗೇಣು ಅಗಲ, ಗೀಟು ಎಳೆದಷ್ಟು ನೇರ. ಹೀಗಾಗುತ್ತಿರುವುದು ಇದೇ ಮೊದಲಲ್ಲ. ಕಾರ್ಪೆಟ್ಟಿಗೆ ಕಾಲಿಲ್ಲ, ಯಾರೋ ಸರಿಸುತ್ತಿದ್ದಾರೆ. ಯಾರೆಂದು ಯೋಚಿಸುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ನಡುಮನೆಯ ಈ ಹೊಸ ಅವತಾರವೆಲ್ಲ ವಾರಗಿತ್ತಿ ವಚನಾಳ ಕೈವಾಡ.

ಆರ್‌ಪಿಸಿ ಲೇಔಟಿನ ಆ ಮನೆಯ ಹಾಲಿನಲ್ಲಿ ಮೊದಲು ಗೋಡೆಯಿಂದ ಗೋಡೆಗೆ ಒಂದೇ ಜಮಖಾನೆ ಇತ್ತು. ಹಬ್ಬ ಬಂದರೆ ಮನೆಮಂದಿಯೆಲ್ಲ ಅದರ ಮೇಲೆ ಸಾಲಾಗಿ ಕೂತು ಹೋಳಿಗೆ ಉಣ್ಣುತ್ತಿದ್ದರು. ತಾಯಿಯಿಲ್ಲದ ಮೈದುನ ಕಲ್ಮೇಶನನ್ನು ಅದರ ಮೇಲೆಯೇ ಕೂರಿಸಿಕೊಂಡು, ತುತ್ತು ಕಲಸಿ ತಿನ್ನಿಸಿ, ಮಗನಂತೆ ಬೆಳೆಸಿದವಳು ರಾಜೇಶ್ವರಿ. ಈಗ ಜಮಖಾನೆ ಸುರುಳಿಯಾಗಿ ಅಟ್ಟ ಸೇರಿತ್ತು.

ಎಡಕ್ಕೆ ಬೂದು ಸೋಫಾ, ಅದಕ್ಕೊಪ್ಪುವ ನೀಲಿ ಕಾರ್ಪೆಟ್. ಬಲಕ್ಕೆ ಕಂದು ಸೋಫಾ, ಇಟ್ಟಿಗೆ ಬಣ್ಣದ ಕಾರ್ಪೆಟ್. ಎರಡು ಟೀಪಾಯಿ, ಎರಡು ದೀಪ. ಗಾಳಿ ಬೆಳಕಿಗೆಂದು ಬಲಗಡೆಯ ಕಿಟಕಿ ಒಡೆದು ಇನ್ನೊಂದು ಬಾಗಿಲನ್ನೂ ಇಟ್ಟಾಗಿತ್ತು.

"ಎಲ್ಲಾ ಒಂದೇ ಬಣ್ಣ ಆದ್ರೆ ಮಂಕಾಗಿ ಕಾಣುತ್ತೆ ಅಕ್ಕಾ" ಎಂದಿದ್ದಳು ವಚನಾ.

"ಒಂದೇ ದೊಡ್ಡದು ತಂದ್ರೆ ಒಗೆಯೋರು ಯಾರು?" ಎಂದಿದ್ದ ರಾಜೇಶ್ವರಿಯ ಗಂಡ ಶಿವಬಸಪ್ಪ, ಪೇಪರಿನ ಹಿಂದಿನಿಂದ.

ಅಷ್ಟು ಬಿಟ್ಟರೆ ಆತ ಇದರಲ್ಲಿ ತಲೆ ಹಾಕಿದವನಲ್ಲ. ಸಮಾಜದ ಸಂಘದವರು ಒಗ್ಗಟ್ಟಿನ ಮನೆಯ ಯಜಮಾನನೆಂದು ಕರೆದು ಶಾಲು ಹೊದಿಸಿದ್ದರು. ಕಲ್ಮೇಶನ ಗೆಳೆಯರ ಗಲಾಟೆಗೆ ಮೊದಲೆಲ್ಲ ಮುಖ ಸಿಂಡರಿಸುತ್ತಿದ್ದವನು ಈಚೆಗೆ ಅದನ್ನೂ ಬಿಟ್ಟಿದ್ದ. ಪಾಪ, ಮಂಡಿನೋವಿನ ಮನುಷ್ಯ. ಇವತ್ತೂ ಏಳುತ್ತಲೇ ಎಣ್ಣೆ ಹಚ್ಚೆಂದು ಕಾಲು ಚಾಚಿದ್ದ. ಅವಳು ಹಚ್ಚಿ ತಿಕ್ಕಿದ್ದಳು.

ಹತ್ತು ಗಂಟೆಗೆ ಪರದೆಯ ಅಳತೆಗೆಂದು ಡಿಸೈನರ್ ಗೌತಮ್ ಬಂದ.

"ಏನಪ್ಪಾ, ಈ ಸಂದು ಯಾಕೆ? ಕೂಡಿಸಿದ್ರೆ ಏನಾಗುತ್ತೆ?"

"ಅದು ನನ್ ಐಡಿಯಾ ಅಲ್ಲ ಆಂಟಿ. ಇಷ್ಟು ಜಾಗ ಬಿಟ್ಟೇ ಜೋಡಿಸ್ಬೇಕು ಅಂತ ಮೊದಲೇ ಹೇಳಿದ್ರು."

ಹೇಳುತ್ತಲೇ ಅವನ ಕಣ್ಣು ಬೂದು ಸೋಫಾದ ಕಡೆ ಹೋಯಿತು. ಅಲ್ಲಿ ವಚನಾ ಭಾವನಿಗೆ ಕಾಫಿ ಕೊಡುತ್ತಾ ನಿಂತಿದ್ದಳು. ರಾಜೇಶ್ವರಿಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಎರಡು ಸೋಫಾ, ಎರಡು ಬಾಗಿಲು, ನಡುವೆ ಒಂದು ಗೇಣು. ಮಹಾಲಕ್ಷ್ಮಿ ಲೇಔಟಿನ ತನ್ನ ಅಣ್ಣನ ಮನೆ ಪಾಲಾದಾಗ ಇಷ್ಟೇ ಅಗಲದ ಜಾಗದಲ್ಲಿ ಏನು ಎದ್ದಿತ್ತೆಂದು ಅವಳಿಗೆ ನೆನಪಾಯಿತು. ಗೋಡೆ! ಇದು ಗೋಡೆಗೆ ಬಿಟ್ಟ ಜಾಗ.

ಅವರ ಕಡೆ ಕೂಡಿ ಬಾಳುವ ಮನೆಯಲ್ಲಿ 'ಬೇರೆಯಾಗೋಣ' ಎಂದು ಮೊದಲು ಬಾಯಿಬಿಟ್ಟವರೇ ಮನೆ ಮುರಿದವರು. ಆ ಹೆಸರು ಸಾಯುವ ತನಕ ಬೆನ್ನು ಬಿಡುವುದಿಲ್ಲ. ಅದಕ್ಕೇ ಈ ಹುಡುಗಿ ತಾನು ತುಟಿ ಬಿಚ್ಚದೆ ಸೋಫಾ, ಕಾರ್ಪೆಟ್ಟುಗಳಿಂದ ಹೇಳಿಸುತ್ತಿದ್ದಾಳೆ. ಮಗಳೆಂದು ತಲೆ ಬಾಚಿ ಹೂ ಮುಡಿಸಿದ್ದೆನಲ್ಲ ಇವಳಿಗೆ! ಇದಕ್ಕಿಂತ ದೊಡ್ಡ ದ್ರೋಹ ಇನ್ನೇನಿದೆ ಎನ್ನಿಸಿತು ರಾಜೇಶ್ವರಿಗೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳಿಗೆ ತಡೆಯಲಾಗಲಿಲ್ಲ.

"ಕಾರ್ಪೆಟ್ ಯಾಕೆ ಸರಿಸ್ತಿದೀಯ ಅಂತ ನಂಗೆ ಗೊತ್ತು ಕಣೇ ವಚನಾ."

"ನಾನಾ? ನಾನು ಮುಟ್ಟೇ ಇಲ್ಲ ಅಕ್ಕಾ. ನೀವೇ ಒಂದ್ಸಲ ಕೂಡಿಸಿ ಒಂದ್ಸಲ ಬಿಡಿಸ್ತಿದೀರ ಅಂದ್ಕೊಂಡಿದ್ದೆ."

"ನಾಟಕ ಆಡ್ಬೇಡ! ಗೋಡೆ ಕಟ್ಟೋ ಆಸೆ ಅಷ್ಟಿದ್ರೆ ಬೇರೆ ಆಗ್ಬಿಡಿ!"

ಮಾತು ಜಾರಿತ್ತು. ಕಲ್ಮೇಶನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

"ಅತ್ತಿಗೇ... ನೀವು ಅಂದ್ರಾ ಇದನ್ನ?"

ರಾಜೇಶ್ವರಿ ಗಂಡನ ಮುಖ ನೋಡಿದಳು. 'ಬಾಯಿ ಮುಚ್ಚೇ' ಎಂದು ಗದರಲಿ, ಸಿಟ್ಟಿನ ಮಾತು ಅಲ್ಲಿಗೇ ಸತ್ತುಹೋಗಲಿ ಎಂದು ಕಾದಳು. ಆತ ಗದರಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ನಿಟ್ಟುಸಿರು ಬಿಟ್ಟ.

"ನಿಮ್ಮತ್ತಿಗೆ ಬಾಯಿಂದಾನೇ ಬಂತಲ್ಲಪ್ಪಾ. ಇನ್ನು ನಾನೇನು ಹೇಳ್ಲಿ?"

"ಅತ್ತಿಗೆ ಮಾತು ಯಾವತ್ತೂ ಮೀರಿಲ್ಲ. ಇವತ್ತೂ ಮೀರಲ್ಲ" ಎಂದ ಕಲ್ಮೇಶ್. ಕಣ್ಣು ತುಂಬಿಕೊಂಡು ಎದ್ದುಹೋದ.

ಮರುದಿನ ಬೆಳಗ್ಗೆ ರಾಜೇಶ್ವರಿ ಅಟ್ಟದಿಂದ ಜಮಖಾನೆ ಇಳಿಸಿದಳು. ಎರಡೂ ಕಾರ್ಪೆಟ್ಟುಗಳ ಮೇಲೆ ಇದನ್ನೇ ಹಾಸಿ, ಕಲ್ಮೇಶ, ವಚನಾ ಇಬ್ಬರನ್ನೂ ಕೂರಿಸಿ, ತಪ್ಪಾಯಿತೆಂದು ಕೈ ಹಿಡಿದರಾಯಿತು. ದೊಡ್ಡವಳಾದರೇನು, ತನ್ನ ಮಕ್ಕಳೆದುರು ಯಾವ ಮಾನ? ಸುರುಳಿಯ ಗಂಟು ಬಿಚ್ಚುತ್ತಿದ್ದಾಗ ಗೇಟು ಸದ್ದಾಯಿತು.

ಬಂದವನು ಗಾರೆ ಮೇಸ್ತ್ರಿ ಭರಮಪ್ಪ. ಕೈಯಲ್ಲಿ ಕರಣೆ, ದಾರದ ಉಂಡೆ.

ರಾತ್ರಿ ಕಳೆಯುವುದರೊಳಗೆ ಮೇಸ್ತ್ರಿಯನ್ನೂ ಕರೆಸಿದಳಲ್ಲ ಎಂದು ರಾಜೇಶ್ವರಿ ವಚನಾಳ ಕೋಣೆಯತ್ತ ತಿರುಗಿದಳು. ವಚನಾ ಬಾಗಿಲಲ್ಲೇ ನಿಂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಭರಮಪ್ಪ ಅವಳತ್ತ ನೋಡಲೂ ಇಲ್ಲ. ಈ ಗೋಡೆಯಿಂದ ಆ ಗೋಡೆಗೆ ದಾರ ಎಳೆದ. ಅದು ಸಂದಿನ ನಟ್ಟನಡುವೆ ಕೂತಿತು.

"ಕರೆಕ್ಟಾಗಿದೆ ಯಜಮಾನ್ರೇ" ಎಂದ ಅವನು, ಮಂಡಿ ನೀವಿಕೊಳ್ಳುತ್ತಾ ಬಂದ ಶಿವಬಸಪ್ಪನಿಗೆ. "ಹೋದ ತಿಂಗಳು ನೀವೇ ಮಂಡಿಯೂರಿ ಗುರುತು ಮಾಡಿ ತೋರ್ಸಿದ್ರಲ್ಲ, ಅದೇ ಜಾಗ. ಅಂತೂ ನೀವು ಅಂದಂಗೇ ಅಮ್ಮಾವ್ರು ಬಾಯಿಬಿಟ್ಟ ದಿನಾನೇ ಫೋನ್ ಮಾಡಿದ್ರಿ ಬಿಡಿ."