ನೆಟ್ಟನೆ ಗಾಳ

ಮೂರು ಸಾವಿರ ವರ್ಷಗಳ ಹಿಂದೆ ಚೀನಾದ ಮುದಿ ಜ್ಞಾನಿಯೊಬ್ಬ ಬಾಗಿಸದ ನೆಟ್ಟನೆ ಗಾಳ ಹಿಡಿದು ಹೊಳೆದಂಡೆಯಲ್ಲಿ ಕೂರುತ್ತಿದ್ದನಂತೆ. ಮನಸ್ಸಿದ್ದ ಮೀನು ತಾನಾಗಿ ಬರುತ್ತದೆ ಎನ್ನುತ್ತಿದ್ದನಂತೆ. ಆ ಒಂದು ಮಾತಿಗೇ ಈ ಊರಿನ ಹೊಸ ಮತದವರು ಅವನನ್ನು ಅಜ್ಜ ಎಂದು ಕರೆದು, ದೇವರ ಪಕ್ಕದಲ್ಲೇ ಕೂರಿಸಿ ಪೂಜಿಸುತ್ತಿದ್ದರು. ವರ್ಷಕ್ಕೊಮ್ಮೆ ಯಾರದಾದರೂ ಹೊಸ್ತಿಲ ಮೇಲೆ ನೆಟ್ಟನೆ ಗಾಳವೊಂದು ಬಂದು ಬಿದ್ದಿರುತ್ತಿತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಹೆಸರಿದ್ದವರು ಮರುದಿನ ಬಿಳಿ ಬಟ್ಟೆ ಉಟ್ಟು ಹೊಳೆಗೆ ಇಳಿಯುತ್ತಿದ್ದರು. ಮೇಲೆ ಬಂದವರಿಲ್ಲ.

ಈ ಸಲ ಗಾಳ ಕಮ್ಮಾರನ ಹೊಸ್ತಿಲಿಗೆ ಬಂತು. ಚೀಟಿಯಲ್ಲಿ ಮಗಳ ಹೆಸರಿತ್ತು.

ಕಮ್ಮಾರ ಅಳುತ್ತ ಕೂರಲಿಲ್ಲ. ಗಾಳವನ್ನು ಕುಲುಮೆಗೆ ಹಾಕಿ, ಕೆಂಪಗೆ ಕಾಯಿಸಿ, ನಾಲ್ಕೇ ಏಟಿಗೆ ಬಾಗಿಸಿದ. ಮಗಳ ಕೈ ಹಿಡಿದುಕೊಂಡು ನೇರ ಗುಡಿಗೆ ಹೋದ.

"ನೋಡಿ ಗುರುಗಳೇ, ಇದು ಡೊಂಕಾಗಿದೆ. ಅಜ್ಜನ ಗಾಳ ಡೊಂಕಿರಲ್ಲ. ಇದು ಅವನು ಕಳ್ಸಿದ್ದಲ್ಲ."

ಗುರು ಗಾಳವನ್ನು ಅಂಗೈಯಲ್ಲಿಟ್ಟು ನೋಡಿದ. ಅದಿನ್ನೂ ಬೆಚ್ಚಗಿತ್ತು.

"ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಬಂದು, ನಾನು ಹೊಳೆಗೆ ಇಳಿಯಲ್ಲ ಅಂದಿದ್ದಾರೇನಪ್ಪ?"

"ಹಾಗೆ ಅನ್ನೋಕೆ ಅವಕಾಶ ಎಲ್ಲಿತ್ತು ಗುರುಗಳೇ?"

"ಇತ್ತಲ್ಲ. ಅಂದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ವಿ. ಅಜ್ಜ ಗಾಳಾನ ನೆಟ್ಟಗೆ ಇಟ್ಟಿದ್ದೇ ಅದಕ್ಕೆ."

ಕಮ್ಮಾರ ಮಗಳನ್ನು ತನ್ನ ಹಿಂದಕ್ಕೆ ಎಳೆದುಕೊಂಡ. "ಹಾಗಾದ್ರೆ ಇವಳು..."

ಗುರು ಬಾಗಿಲ ಬಳಿ ನಿಂತಿದ್ದ ಇಬ್ಬರು ಶಿಷ್ಯರಿಗೆ ಕಣ್ಸನ್ನೆ ಮಾಡಿದ.

"ಡೊಂಕು ಗಾಳ ಮೀನಿನ ಮನಸ್ಸು ಕೇಳಲ್ಲ."