ಅಕ್ಷರದ ಪರದೆ

ಸೂಜಿಯ ದಾರ ತುಂಡಾಯಿತು. ಹೊಲಿಗೆ ಯಂತ್ರ ನಿಂತ ಆ ನಿಶ್ಶಬ್ದದಲ್ಲಿ, ಸತ್ತು ಮೂರು ತಿಂಗಳಾಗಿದ್ದ ಗಂಡನ ದನಿ ಕೆಳಗಿನ ಕೋಣೆಯಿಂದ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲೇ ಇದ್ದೀನಿ. ಊಟ ಆಯ್ತಾ?"

ಹಾಡುಹಗಲು ಮೂರು ಗಂಟೆ. ಧೈರ್ಯ ತಂದುಕೊಂಡು ಮೆಟ್ಟಿಲಿಳಿದು ಬರುವ ಹೊತ್ತಿಗೆ ಕೋಣೆ ಖಾಲಿ. ಮೇಜಿನ ಮೇಲೆ ಪರದೆ, ಕೀಬೋರ್ಡ್ ಎಲ್ಲ ಕೂಡಿದ ಅವನ ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್ ಇತ್ತು. ಮುಟ್ಟಿದರೆ ಬೆಚ್ಚಗಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲು, ಕೊನೆಯಲ್ಲಿ ಮಿಟುಕುವ ಒಂದು ಗೆರೆ.

ಹಜಾರದಲ್ಲಿ ಅತ್ತೆ ಎಂದಿನಂತೆ ಕುರ್ಚಿಯಲ್ಲಿದ್ದರು. ಕಣ್ಣು ಹೋಗಿ ಎರಡು ವರ್ಷ. ಗೋಡೆ ಹಿಡಿದೇ ಅವರ ಓಡಾಟ. ಏನಾದರೂ ಕೇಳಿಸಿತಾ ಎಂದರೆ ಮುಖ ಅತ್ತ ತಿರುಗಿಸಿ, "ಇಲ್ಲಮ್ಮ. ನೀನು ಮತ್ತೆ ಅಳೋದು ಬೇಡ," ಅಂದರು. ಅವನು ಸತ್ತ ಹೊಸದರಲ್ಲಿ ಯಾರೋ ಮೊಬೈಲಿನಲ್ಲಿ ರೆಕಾರ್ಡಾಗಿದ್ದ ಅವನ ಹಳೆಯ ಮಾತು ಕೇಳಿಸಿದಾಗ ಸೊಸೆ ಎಚ್ಚರ ತಪ್ಪಿ ಬಿದ್ದಿದ್ದಳು. ಅಂದಿನಿಂದ ಆ ದನಿ ಮನೆಯೊಳಗೆ ಬರುವಂತಿರಲಿಲ್ಲ.

ಮರುದಿನ ಮೂರಕ್ಕೆ ಯಂತ್ರ ನಿಲ್ಲಿಸಿ ಕಿವಿಗೊಟ್ಟಳು. ಅದೇ ದನಿ, ಅದೇ ಮಾತು. ಅದರ ಮರುದಿನವೂ. ಯಾರದೋ ಅಂಗಿಗೆ ಎಡದ ತೋಳನ್ನು ಬಲಕ್ಕೆ ಹೊಲಿದಿಟ್ಟಳು. ಬದುಕಿದ್ದಾಗ ಒಂದು ದಿನವೂ ಅವಳ ಊಟ ವಿಚಾರಿಸದ ಮಹಾರಾಯ, ಸತ್ತ ಮೇಲೆ ದಿನಾ ವಿಚಾರಿಸುತ್ತಿದ್ದಾನಲ್ಲ! ಹೀಗೇ ಮುಂದುವರಿದರೆ ತನಗೆ ಹುಚ್ಚು ಹಿಡಿಯುವುದು ಖಂಡಿತ ಅನ್ನಿಸಿತು.

ನಾಲ್ಕನೆಯ ದಿನ ಬೆಳಿಗ್ಗೆಯೇ ಆ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ದಳು. ದನಿಯ ಸುದ್ದಿ ಎತ್ತಲು ನಾಚಿಕೆಯಾಗಿ, ಪರದೆ ಕಪ್ಪಾಗಿದೆ ಎಂದಷ್ಟೇ ಹೇಳಿದಳು.

"ಕೆಟ್ಟಿಲ್ಲ ಅಕ್ಕಾ," ಅಂದ ರಿಪೇರಿಯವನು. "ಆನ್ ಮಾಡಿದ್ರೆ ಚಿತ್ರಗಳಿರೋ ಡೆಸ್ಕ್‌ಟಾಪಿಗೆ ಹೋಗದೆ ಬರೀ ಅಕ್ಷರದ ಪರದೆಗೇ ಬರೋ ಹಾಗೆ ಬೇಕಂತಲೇ ಮಾಡಿದಾರೆ. ಚಿತ್ರ ನೋಡಿ ಒತ್ತೋ ತಾಪತ್ರಯ ಇಲ್ಲ, ಕೀ ಒತ್ತಿದ್ರೆ ಸಾಕು."

ಯಾವಾಗ ಮಾಡಿದ್ದು ಎಂದು ಕೇಳಿದಳು. ಅವನು ಹೇಳಿದ ತಾರೀಖು, ಗಂಡ ಆಸ್ಪತ್ರೆ ಸೇರುವುದಕ್ಕೆ ಎರಡು ದಿನ ಮುಂಚಿನದು.

"ಮೊದಲಿನ ಹಾಗೆ ಮಾಡಿಬಿಡಿ," ಅಂದಳು.

ಹತ್ತು ನಿಮಿಷದಲ್ಲಿ ಕಪ್ಪು ಹೋಗಿ ಬಣ್ಣದ ಚಿತ್ರಗಳು ಬಂದವು. ಎರಡು ಕೀಗಳ ಮೇಲೆ ಮಾತ್ರ, ಬೆರಳಿಗೆ ತಗಲುವಂತೆ, ಒಣಗಿ ಗಟ್ಟಿಯಾದ ಅಂಟಿನ ಹನಿಗಳಿದ್ದವು. ಅವನು ಅವನ್ನೂ ಕೆರೆದು ತೆಗೆದು, ಒರೆಸಿ, ಹೊಸದರಂತೆ ಮಾಡಿ ಕೊಟ್ಟ. ಮನೆಗೆ ಬಂದು ಅದನ್ನು ಇದ್ದ ಜಾಗದಲ್ಲೇ ಇಟ್ಟಳು.

ಮೂರಾಯಿತು. ದನಿಯಿಲ್ಲ. ಮೂರೂಕಾಲು. ಎದೆಯ ಭಾರ ಇಳಿಯಿತು. ಯಾಕೋ ಸ್ವಲ್ಪ ಅಳುವೂ ಬಂತು. ನೀರು ಕುಡಿಯಲು ಕೆಳಗಿಳಿದಳು. ಕೋಣೆಯ ಬಾಗಿಲು ಓರೆಯಾಗಿತ್ತು. ಒಳಗೆ ಅತ್ತೆ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು, ನುಣುಪಾದ ಕೀಗಳ ಮೇಲೆ ಬೆರಳಾಡಿಸುತ್ತಾ ಏನನ್ನೋ ತಡಕುತ್ತಿದ್ದರು.

"ಊಟ ಆಯ್ತು ಕಣೋ," ಅನ್ನುತ್ತಿದ್ದರು ಮೆಲ್ಲಗೆ. "ಯಾಕೋ ಮಗನೇ, ಇವತ್ತು ಕೇಳ್ತಾನೇ ಇಲ್ಲ?"